ಈಶ್ವರ ಕೆಳಗಿಟ್ಟ ಲೋಟ

ಮೊದಲೇ ಹೇಳಿಬಿಡುತ್ತೇನೆ: ನನ್ನ ತಮ್ಮನ ಹೆಸರು ಈಶ್ವರ, ನಾನು ಶಿವಕುಮಾರಿ, ನಾವು ಕ್ರೈಸ್ತರು. ಇದನ್ನು ಕೇಳಿದ ಮುಂಬೈ ಮಂದಿ ಒಮ್ಮೆ ಹುಬ್ಬೇರಿಸದೆ ಬಿಡುವುದಿಲ್ಲ. ಬೀದರ ಕಡೆಯ ನಮ್ಮ ಮನೆತನಗಳಲ್ಲಿ ಹೆಸರು ಅಜ್ಜಂದಿರದು, ನಂಬಿಕೆ ಯೇಸುವಿನದು. ಎರಡೂ ಒಂದೇ ಮನೆಯಲ್ಲಿ ಜಗಳವಿಲ್ಲದೆ ಇವೆ. ಜಗಳವೆಲ್ಲ ನಮ್ಮ ಚರ್ಚ್ ಸಭೆಯ ಹಿರಿಯರದು.

ಕುರ್ಲಾದ ಚಾಳಿನ ಕೆಳಮನೆಯಲ್ಲಿ ನನ್ನ ಖಾನಾವಳಿ ಇದೆ. ಕಟ್ಟಡದ ಕೆಲಸಕ್ಕೆ ಬಂದ ನಮ್ಮ ಕಡೆಯ ಗಂಡಸರು ಜೋಳದ ರೊಟ್ಟಿಗಾಗಿ ಎಲ್ಲೆಲ್ಲಿಂದಲೋ ಬರುತ್ತಾರೆ. ಶಿವಕ್ಕನ ರೊಟ್ಟಿ ಮೆತ್ತಗೆ, ಬಾಯಿ ಬಿರುಸು ಎಂದು ಅವರೇ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಬಾಯಿ ಬಿರುಸಿಲ್ಲದ ಹೆಂಗಸಿಗೆ ಈ ಊರಿನಲ್ಲಿ ನಲ್ಲಿಯ ನೀರೂ ಸಿಗುವುದಿಲ್ಲ.

ಈಶ್ವರನೂ ಕಟ್ಟಡದ ಕೆಲಸದವನೇ. ಸ್ಲ್ಯಾಬ್ ಹಾಕುವ ಮುಂಚೆ ಹಲಗೆ ಹೊಡೆಯುವ ಸೆಂಟ್ರಿಂಗ್ ಕೆಲಸ. ಕೈ ಬಂಗಾರ, ಆದರೆ ಸಂಜೆಯಾದರೆ ಕಾಲು ದಾರು ಅಂಗಡಿಯ ಕಡೆಗೇ ನಡೆಯುತ್ತಿತ್ತು. ಎಷ್ಟು ಬೈದೆ, ಎಷ್ಟು ಅತ್ತೆ, ಎಷ್ಟು ಉಪವಾಸ ಪ್ರಾರ್ಥನೆ ಮಾಡಿದೆ, ಯಾವುದಕ್ಕೂ ಜಗ್ಗಲಿಲ್ಲ. ಒಮ್ಮೆ ಕುಡಿದೇ ಆರಾಧನೆಗೆ ಬಂದು ಹಾಡಿನ ನಡುವೆ ಕುಸಿದು ಕೂತ. ಅಂದೇ ಅವನನ್ನು ಕರ್ತನ ಭೋಜನದಿಂದ, ಅಂದರೆ ಯೇಸುವಿನ ನೆನಪಿಗೆ ಮೇಜಿನ ಮುಂದೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ವಿಧಿಯಿಂದ, ಹೊರಗಿಟ್ಟರು. ಅದಾದ ಮೇಲೆ ಅವನ ಹೆಂಡತಿ ಲಕ್ಷ್ಮವ್ವ ಗೋರೆಗಾಂವ್‌ನಲ್ಲಿರುವ ತನ್ನ ಅಣ್ಣನ ಮನೆಗೆ ಹೋದವಳು ತಿರುಗಿ ಬರಲಿಲ್ಲ. ಅಲ್ಲೇ ಒಂದು ಆಫೀಸಿನ ಬಿಲ್ಡಿಂಗ್‌ನಲ್ಲಿ ಕಸಗುಡಿಸುವ ಕೆಲಸ ಹಿಡಿದಳು. ನಾನು ಅವಳನ್ನು ಒಂದು ಮಾತೂ ಅನ್ನಲಿಲ್ಲ. ನಾನಾಗಿದ್ದರೆ ಇನ್ನೂ ಮುಂಚೆ ಹೋಗುತ್ತಿದ್ದೆ.

ಕಳೆದ ಕ್ರಿಸ್‌ಮಸ್ಸಿನ ಹೊತ್ತಿಗೆ ಅವನು ಕುಡಿಯುವುದನ್ನು ಬಿಟ್ಟ. ಹೇಗೆ ಬಿಟ್ಟ ಎಂದು ನನ್ನನ್ನು ಕೇಳಬೇಡಿ, ಅವನಿಗೂ ಸರಿಯಾಗಿ ಗೊತ್ತಿಲ್ಲ. ಸಂಜೆ ಕೆಲಸ ಬಿಟ್ಟು ನೇರ ನನ್ನ ಖಾನಾವಳಿಗೆ ಬಂದು ಉಳ್ಳಾಗಡ್ಡಿ ಹೆಚ್ಚುತ್ತ ಕೂರತೊಡಗಿದ. ಈಸ್ಟರ್ ಕಳೆದರೂ ಅದೇ ನಡೆ. ಆಗ ನಾನು ಲಕ್ಷ್ಮವ್ವನಿಗೆ ಫೋನ್ ಮಾಡಿದೆ.

"ಬಿಟ್ಟೀನಂತ ಅವರು ನನಗ ಹೇಳೋದು ಬ್ಯಾಡ ಅಕ್ಕಾ. ಭಾಳ ಸಲ ಕೇಳೀನಿ," ಎಂದಳು ಅವಳು. "ಕರ್ತನ ಮೇಜಿನ ಮುಂದ ಮೊಣಕಾಲೂರಿ ತಿನ್ಲಿ, ಕುಡೀಲಿ. ದೇವರ ಮುಂದ ಸುಳ್ಳ್ ಆಡೋವಷ್ಟು ಅವರು ಕೆಟ್ಟಿಲ್ಲ. ಅದೊಂದು ನಾ ಕಣ್ಣಾರೆ ನೋಡಿದ್ರ ಆ ದಿನಾನೇ ಬರ್ತೀನಿ."

ಇದನ್ನು ಹೇಳಿದಾಗ ಈಶ್ವರ ಕತ್ತಿ ಕೆಳಗಿಟ್ಟು ಕೈ ಒರೆಸಿಕೊಂಡ. ಆಮೇಲೆ, "ಮೇಜಿಗೆ ಬಿಡಬೇಕಲ್ಲಕ್ಕಾ ಅವರು," ಎಂದ.

ಬಿಡಬೇಕಾದವರು ಬಸವಂತರಾಯ ಕಾಕಾ. ನಮ್ಮ ಸಭೆಯ ಹಿರಿಯರು. ವಿಕ್ರೋಳಿಯ ಒಂದು ಕಾರ್ಖಾನೆಯಲ್ಲಿ ಜೀವಮಾನವೆಲ್ಲ ಚೆಕ್ಕಿಂಗ್ ಕೆಲಸ ಮಾಡಿ ನಿವೃತ್ತರಾದವರು. ಲೈನಿನಲ್ಲಿ ಬರುವ ಕಪಾಟಿನ ಬಾಗಿಲಲ್ಲಿ ಒಂದು ಗೆರೆ ಕಂಡರೂ ಎತ್ತಿ ಪಕ್ಕಕ್ಕಿಡುವುದೇ ಅವರ ಕೆಲಸವಾಗಿತ್ತಂತೆ. ಈಗ ಮನುಷ್ಯರನ್ನು ಎತ್ತಿ ಪಕ್ಕಕ್ಕಿಡುತ್ತಾರೆ. ಕೆಟ್ಟವರಲ್ಲ. ನನ್ನ ಗಂಡ ಸತ್ತಾಗ ಮಣ್ಣಿನ ತನಕ ಜೊತೆಗಿದ್ದವರು ಅವರೇ. ಆದರೆ ಅವರ ಕನ್ನಡಕದ ಹಿಂದಿನ ಕಣ್ಣು ನನ್ನ ಮೇಲೆ ಬಿದ್ದರೆ ಸೆರಗು ಸರಿಯಿದೆಯೋ ಇಲ್ಲವೋ ಎಂದು ನಾನೂ ನೋಡಿಕೊಳ್ಳುತ್ತೇನೆ.

ಒಂದು ಶುಕ್ರವಾರ ಪ್ರಾರ್ಥನೆ ಮುಗಿಸಿ ಕಾಕಾ ಮತ್ತು ನಮ್ಮ ಪಾಸ್ಟರ್ ಧನರಾಜ್ ಇಬ್ಬರೂ ಚಹಾಕ್ಕೆಂದು ನನ್ನಲ್ಲಿಗೆ ಬಂದರು. ಪಾಸ್ಟರ್ ಇನ್ನೂ ಹುಡುಗ, ಬೈಬಲ್ ಕಲಿತು ಬಂದು ಎರಡನೇ ವರ್ಷ. ಈಶ್ವರ ಮೂಲೆಯಲ್ಲಿ ಉಳ್ಳಾಗಡ್ಡಿ ಹೆಚ್ಚುತ್ತಿದ್ದ. ಅವನ ಎದುರೇ ಅವನ ರಕ್ಷಣೆಯ, ಅಂದರೆ ಪಾಪದಿಂದ ಬಿಡುಗಡೆಯ, ಮಾತು ಶುರುವಾಯಿತು.

"ನಂಬ್ಯಾನ. ತಪ್ಪು ಅಂತ ಬಾಯ್ಬಿಟ್ಟು ಒಪ್ಕೊಂಡಾನ. ರಕ್ಷಣೆ ಕೃಪೆಯಿಂದ ಸಿಗೋದು ಕಾಕಾ, ಇನ್ನೇನು ಬೇಕು?" ಎಂದರು ಪಾಸ್ಟರ್.

"ಫಲ ಬೇಕು," ಎಂದರು ಕಾಕಾ. "ಪರಿಶುದ್ಧತೆ ಇಲ್ಲದವ ದೇವರ ಮುಖ ನೋಡಂಗಿಲ್ಲ. ನಂಬ್ತೀನಂತ ಸೈತಾನನೂ ಅಂತಾನ. ಅವನ್ನೂ ಮೇಜಿಗೆ ಕರೀತೀರೇನು?"

"ಕಡೀ ಗಳಿಗ್ಯಾಗ ಓಡಿ ಬಂದು ಲೋಕಲ್ ಹಿಡಿದವನೂ ಎಲ್ಲರ ಜೋಡಿನೇ ದಾದರ್ ಮುಟ್ಟತಾನ, ಕಾಕಾ."

"ಟಿಕೆಟ್ ಇಲ್ದಿದ್ರ ಟಿಸಿ ಇಳಸ್ತಾನ."

"ಟಿಕೆಟ್ ಯೇಸು ತೆಗ್ದಾನ, ಎಲ್ಲರ ಹೆಸರ್ಲೆ."

"ತೆಗ್ದಾನ, ಖರೇ. ಟಿಕೆಟ್ ಅದ ಅಂತ ಲೇಡೀಸ್ ಡಬ್ಬಿ ಹತ್ತಿದ್ರ ನಡೀತದೇನು? ಟಿಕೆಟ್ ಇದ್ದವನೂ ಸರಿಯಾಗಿ ನಡ್ಕೋಬೇಕು."

ನನಗೆ ನಗು ತಡೆಯಲಾಗಲಿಲ್ಲ. ಪಾಸ್ಟರ್ ಮುಖ ಕೆಂಪಗಾಯಿತು. ಕಾಕಾ ನಗಲಿಲ್ಲ. ಅವರಿಗೆ ಇದು ಟೈಮ್‌ಪಾಸ್ ಮಾತಲ್ಲ, ನಿಜವಾಗಿಯೂ ಅಂಜುತ್ತಾರೆ. ಅಯೋಗ್ಯನಾಗಿ ಭೋಜನದ ಲೋಟ ಎತ್ತಿದವನು ತನ್ನ ತೀರ್ಪನ್ನೇ ಕುಡಿಯುತ್ತಾನೆ ಎಂದು ನಂಬಿದವರು. ಅವರು ಈಶ್ವರನ ಕಡೆ ತಿರುಗಿ ಕೇಳಿದರು: "ಏನಪ್ಪಾ, ಖರೇ ಹೇಳು. ಈಗೂ ಅದರ ಆಸೆ ಆಗ್ತದೋ ಇಲ್ಲೋ?"

ಈಶ್ವರ ತಲೆ ತಗ್ಗಿಸಿದ.

"ನೋಡ್ರಿ ಪಾಸ್ಟರ್. ಆಸೆ ಒಳಗ ಕುಂತಾದ. ಆಸೆ ಇರೋ ತನಕ ಪಶ್ಚಾತ್ತಾಪ ಅರ್ಧ."

ಆಗ ನನ್ನ ಪಿತ್ತ ನೆತ್ತಿಗೇರಿತು. "ನನಗೂ ದಿನಾ ಸಂಜಿಗಿ ಈ ಮಂದೀನ್ನೆಲ್ಲ ಲಟ್ಟಣಿಗಿಲೆ ಹೊಡೀಬೇಕಂತ ಆಸೆ ಆಗ್ತದ ಕಾಕಾ. ಹೊಡೀಲಾರದೆ ರೊಟ್ಟಿ ಹಾಕ್ತೀನಿ. ನನ್ನ ಪಶ್ಚಾತ್ತಾಪ ಎಷ್ಟ್ ಪಾವ್ ಆತು ಹೇಳ್ರಿ!"

ಪಾಸ್ಟರ್ ಚಹಾ ಉಗುಳಿಕೊಂಡರು. ಕಾಕಾ ಚಹಾ ಮುಗಿಸಿದರು. ಕೊನೆಗೆ, "ಆತು. ಮೇ ತಿಂಗಳ ಮೊದಲ್ನೇ ಐತವಾರ ಬರ್ಲಿ. ಆದರ ಮೇಜಿನ ಶುದ್ಧಿ ನಾ ನೋಡ್ಕೋತೀನಿ," ಎಂದರು. ಈಶ್ವರ ಎದ್ದು ಹೋಗಿ ಅವರ ಕಾಲು ಮುಟ್ಟಿದ. ಅವನ ಕೈಯ ಉಳ್ಳಾಗಡ್ಡಿ ಘಾಟಿಗೋ ಏನೋ, ಕಾಕಾ ಕಣ್ಣು ಒರೆಸಿಕೊಂಡರು.

ಮೇಜಿನ ಶುದ್ಧಿ ನೋಡಿಕೊಳ್ಳುತ್ತೇನೆ ಎಂದರಲ್ಲ, ಅದು ಮೊದಲು ಬಂದು ಬಿದ್ದದ್ದು ನನ್ನ ಮೇಲೆ. ಭೋಜನಕ್ಕೆ ಬೇಕಾದ ದ್ರಾಕ್ಷಾರಸ ಮಾಡುವವಳು ನಾನು. ಕಪ್ಪು ಒಣದ್ರಾಕ್ಷಿಯನ್ನು ಬೆಚ್ಚಗಿನ ನೀರಿನಲ್ಲಿ ನೆನೆಹಾಕಿ, ಕೈಯಿಂದ ಕಿವುಚಿ, ಬಟ್ಟೆಯಲ್ಲಿ ಸೋಸಿ, ಸಕ್ಕರೆ ಬೆರೆಸುವುದು. ಶನಿವಾರ ಸಂಜೆ ಮಾಡಿ ಫ್ರಿಜ್ಜಿನಲ್ಲಿಟ್ಟರೆ ಭಾನುವಾರ ಬೆಳಿಗ್ಗೆ ತೆಗೆದುಕೊಂಡು ಹೋಗುವುದು. ಇಷ್ಟು ವರ್ಷ ಹಾಗೇ ನಡೆದಿತ್ತು. ಈ ಸಲ ಕಾಕಾ ಬಂದು ಫ್ರಿಜ್ಜಿನ ಬಾಗಿಲು ತೆಗೆದು ನೋಡಿದರು. ಒಂದು ಕಡೆ ಒಣ ಬೊಂಬಿಲ್ ಮೀನಿನ ಚಟ್ನಿ, ಇನ್ನೊಂದು ಕಡೆ ಮಟನ್.

"ಪವಿತ್ರ ವಸ್ತು ಬೊಂಬಿಲ್ ಮಗ್ಗಲಾಗ ಇಡ್ತೀ?"

"ಎಷ್ಟ್ ವರ್ಷ ಆತು ಅಲ್ಲೇ ಇಡ್ಲಕತ್ತು. ಕರ್ತನ ಶಿಷ್ಯರೂ ಮೀನ್ ಹಿಡಿಯವರೇ ಇದ್ರಲ್ಲ ಕಾಕಾ."

ಈ ಮಾತು ನಡೆಯಲಿಲ್ಲ. ರಸವನ್ನು ಮಂಗಳವಾರವೇ ಮಾಡಿ ಕೊಡಬೇಕು, ವಾರವಿಡೀ ಅದರ ಮೇಲೆ ಪ್ರಾರ್ಥನೆಯಾಗಬೇಕು, ಆರಾಧನೆ ನಡೆಯುವ ಹಾಲ್‌ನ ಕಪಾಟಿನಲ್ಲಿ ಬೀಗದೊಳಗೆ ಇರಬೇಕು, ಕೀಲಿ ತಮ್ಮ ಕಿಸೆಯಲ್ಲಿರಬೇಕು ಎಂದರು. ನಮ್ಮ ಹಾಲ್ ಅಂದರೆ ತಗಡಿನ ಮಾಡು. ಮೇ ತಿಂಗಳಲ್ಲಿ ಅಲ್ಲಿ ಕೂತರೆ ಬೋಧನೆಗಿಂತ ಮೊದಲು ಬೆವರು ಇಳಿಯುತ್ತದೆ. ನನಗೆ ಬೇಡ ಅನ್ನಬೇಕೆನಿಸಿತು. ಆದರೆ ತಮ್ಮನಿಗೆ ಕೊಟ್ಟ ಒಪ್ಪಿಗೆ ಎಲ್ಲಿ ತಿರುಗಿ ಹೋಗುತ್ತದೋ ಎಂದು ಅಂಜಿ ಬಾಯಿ ಮುಚ್ಚಿಕೊಂಡೆ. ಎರಡು ಬಾಟಲಿ ತುಂಬ ರಸ ಮಾಡಿ, ಬೂಚು ಬಿಗಿದು ಅವರ ಕೈಗೆ ಕೊಟ್ಟೆ.

ಭಾನುವಾರ ಲಕ್ಷ್ಮವ್ವ ಗೋರೆಗಾಂವ್‌ನಿಂದ ಎರಡು ಲೋಕಲ್ ಬದಲಿಸಿ ಬಂದಳು. ಹೆಂಗಸರ ಕಡೆ ಕೊನೆಯ ಸಾಲಿನಲ್ಲಿ, ಬಾಗಿಲ ಪಕ್ಕ ಕೂತಳು. ನನ್ನ ಪಕ್ಕ ಬಾರೇ ಎಂದರೂ ಬರಲಿಲ್ಲ. ಈಶ್ವರ ಗಂಡಸರ ಕಡೆ, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಮದುವೆಗೆ ಕೂತವನಿಗಿಂತ ಹೆಚ್ಚು ಅಂಜಿಕೊಂಡು ಕೂತಿದ್ದ. ಒಮ್ಮೆಯೂ ಹೆಂಡತಿಯ ಕಡೆ ತಿರುಗಲಿಲ್ಲ. ಅವಳೂ ಅವನ ಬೆನ್ನು ಬಿಟ್ಟು ಬೇರೇನೂ ನೋಡಲಿಲ್ಲ.

ಭೋಜನಕ್ಕೆ ಮೊದಲ ಸಾಲು ಗಂಡಸರದು. ಪಾಸ್ಟರ್ ಅವನ ಹೆಸರು ಹಿಡಿದು ಕರೆದರು. ಈಶ್ವರ ಮುಂದೆ ಹೋಗಿ ಮೊಣಕಾಲೂರಿದ. ರೊಟ್ಟಿಯ ಚೂರು ತೆಗೆದುಕೊಂಡು ಕಣ್ಣು ಮುಚ್ಚಿ ತಿಂದ. ಕಾಕಾ ತಟ್ಟೆ ಹಿಡಿದು ಬಂದರು, ಅದರ ತುಂಬ ಪುಟ್ಟ ಪುಟ್ಟ ಸ್ಟೀಲ್ ಲೋಟಗಳು. ಅವನು ಒಂದನ್ನು ಎತ್ತಿ ತುಟಿಯ ಹತ್ತಿರ ತಂದ. ನಾನು ಮನಸ್ಸಿನಲ್ಲೇ ಸ್ತೋತ್ರ ಸ್ತೋತ್ರ ಎನ್ನುತ್ತಿದ್ದೆ.

ಲೋಟ ಅಲ್ಲೇ ನಿಂತಿತು. ಅವನು ಲೋಟವನ್ನು ಹಾಗೇ ತಟ್ಟೆಯಲ್ಲಿಟ್ಟು, ಎದ್ದು, ಗಂಡಸರ ನಡುವೆ ಹಾದು, ಹೆಂಡತಿಯ ಪಕ್ಕದಿಂದಲೇ ಬಾಗಿಲು ದಾಟಿ ಹೊರಟುಹೋದ.

ಕಾಕಾ ಮೆಲ್ಲಗೆ ಹೇಳಿದರು, ಆದರೆ ಎಲ್ಲರಿಗೂ ಕೇಳಿಸಿತು: "ಅವಗೇ ಧೈರ್ಯ ಆಗ್ಲಿಲ್ಲ. ಏನೋ ಮಾಡಿ ಬಂದಾನ."

ಏನೋ ಅಂದರೆ ಏನು ಎಂದು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನನಗೆ ನೆಲ ಬಾಯಿಬಿಡಬಾರದೇ ಅನಿಸಿತು. ಶನಿವಾರ ಪಗಾರ ಆಗಿತ್ತು, ಅವನು ತಡಮಾಡಿ ಬಂದಿದ್ದ, ಬಂದವನು ಊಟ ಬೇಡ ಅಂದಿದ್ದ. ಎಲ್ಲವೂ ಒಂದಕ್ಕೊಂದು ಜೋಡಣೆಯಾಯಿತು. ಹೆಂಗಸರ ಸಾಲು ಬಂದಾಗ ನಾನೂ ಮೊಣಕಾಲೂರಿದೆ, ಲೋಟ ಎತ್ತಿದೆ, ಗಟಗಟ ನುಂಗಿದೆ. ರಸವೋ ನೀರೋ ಎಂಬ ಪರಿವೆಯೇ ನನಗಿರಲಿಲ್ಲ. ಲಕ್ಷ್ಮವ್ವ ಜಾಗ ಬಿಟ್ಟು ಏಳಲಿಲ್ಲ.

ಮೇ ತಿಂಗಳಾದ್ದರಿಂದ ಅರ್ಧ ಸಭೆ ಊರಿಗೆ ಹೋಗಿತ್ತು, ತುಂಬಿಟ್ಟ ಲೋಟಗಳಲ್ಲಿ ಎಷ್ಟೋ ಉಳಿದವು. ಆಶೀರ್ವಾದವಾದ ರಸವನ್ನು ಗಟಾರಕ್ಕೆ ಚೆಲ್ಲುವಂತಿಲ್ಲ, ಹಿರಿಯರು ಕುಡಿದು ಮುಗಿಸಬೇಕು ಎನ್ನುವುದು ನಮ್ಮಲ್ಲಿ ಪದ್ಧತಿ. ಕಾಕಾ ಒಂದೊಂದೇ ಲೋಟ ಭಕ್ತಿಯಿಂದ ಮುಗಿಸಿದರು. ಆಮೇಲೆ ಕೊನೆಯ ಪ್ರಾರ್ಥನೆಯನ್ನು ಎಷ್ಟು ಉದ್ದ ಮಾಡಿದರೆಂದರೆ ಪಾಸ್ಟರ್ ಎರಡು ಸಲ ಆಮೆನ್ ಎಂದು ತಡೆಯಬೇಕಾಯಿತು. ಹಾಡಿಗೆ ಚಪ್ಪಾಳೆ ತಟ್ಟಿದರೆ ಕಣ್ಣು ಬಿಡುವ ಮನುಷ್ಯ ಅಂದು ತಾವೇ ತಟ್ಟಿದರು. ನನ್ನ ಪಕ್ಕದಲ್ಲಿ ಮುದುಕಿ ಸೋಮವ್ವ ಎದೆ ನೀವಿಕೊಂಡು, "ಇವತ್ತ ಪವಿತ್ರಾತ್ಮ ಇಳಿದಾದ ನೋಡ ಶಿವ್ವಾ, ಎದಿ ಬೆಚ್ಚಗ ಆತು," ಎಂದಳು. ನನ್ನ ಎದೆಯೂ ಉರಿಯುತ್ತಿತ್ತು, ಆದರೆ ಆತ್ಮದಿಂದಲ್ಲ.

ಹೊರಗೆ ಬಂದಾಗ ಲಕ್ಷ್ಮವ್ವ ಚಪ್ಪಲಿ ಹಾಕಿಕೊಳ್ಳುತ್ತಿದ್ದಳು.

"ನಾ ಹೋಗ್ತೀನಿ ಅಕ್ಕಾ."

"ಒಂದು ಮಾತು ಕೇಳಿ ಹೋಗೇ ಅವನ್ನ."

"ಕೇಳೋದೇನದ? ದೇವರ ಮುಂದ ಸುಳ್ಳ್ ಆಡಂಗಿಲ್ಲ ಅಂತ ನಾನೇ ಹೇಳಿದ್ದೆ. ಆಡ್ಲಿಲ್ಲ. ಲೋಟ ಇಟ್ಟು ಬಂದ್ರು." ಅವಳು ಚಪ್ಪಲಿಯ ಪಟ್ಟಿ ಎಳೆದಳು. "ಅಷ್ಟರ ಮಟ್ಟಿಗಿ ಒಳ್ಳೇವ್ರು ಅಕ್ಕಾ ಅವರು. ಅಷ್ಟೇ ಸಾಕು ನನಗ."

ಆ ಮಾತು ನನ್ನ ಕರುಳಿಗೆ ನಾಟಿತು. ಅವಳ ಕೈ ಹಿಡಿದು ದರದರ ಎಳೆದುಕೊಂಡೇ ಮನೆಗೆ ನಡೆದೆ.

ಈಶ್ವರ ಖಾನಾವಳಿಯ ಹಿಂದಿನ ಕೋಣೆಯಲ್ಲಿ, ಮಗುಚಿಟ್ಟ ಬಕೆಟ್ಟಿನ ಮೇಲೆ ಗೋಡೆಗೆ ಮುಖ ಮಾಡಿ ಕೂತಿದ್ದ. ನನಗೆ ಇನ್ನು ತಡೆಯಲಾಗಲಿಲ್ಲ. "ಎಲ್ಲಿ ಕುಡಿದು ಬಂದಿ? ಯಾರ ಜೋಡಿ? ನನ್ನ ಮಾನ ಹೋಗ್ಲಿ, ಈಕಿ ಮುಖನಾರೆ ನೋಡಬಾರದೇನೋ ನಾಲಾಯಕ! ದೇವರಂಥ ಹೆಂಡ್ತಿ, ಕೆಲಸ ಬಿಟ್ಟು ಓಡಿ ಬಂದಾಳ ನಿನ್ನ ನಂಬಿ!" ಇನ್ನೂ ಏನೇನೋ ಅಂದೆ. ಬರೆಯುವಂಥದ್ದಲ್ಲ.

ಅವನು ಎಲ್ಲವನ್ನೂ ಕೇಳಿಸಿಕೊಂಡ. ಆಮೇಲೆ ಗೋಡೆಯನ್ನೇ ನೋಡುತ್ತ ಹೇಳಿದ: "ನಾ ಕುಡಿದಿಲ್ಲಕ್ಕಾ. ರಸದಾಗ ಇತ್ತು."

"ಏನಿತ್ತು?"

"ದಾರು."

ನಾನು ಸೌಟು ಎತ್ತಿದೆ. "ನನ್ನ ಕೈಯಾರೆ ಮಾಡಿದ ರಸದಾಗ ದಾರು? ನಿನ್ನ ಮೂಗಿಗಿ ಗಂಗಾಳದಾಗ ನೀರು ಹಿಡಿದ್ರೂ ದಾರೂನೇ ವಾಸನಿ!"

"ಅದಕ್ಕೇ ಹೇಳಬಾರದಂತ ಸುಮ್ನಿದ್ದೆ," ಎಂದ ಈಶ್ವರ. "ಅಲ್ಲೇ ಬಾಯಿ ಬಿಟ್ಟಿದ್ರ ಏನಾಗ್ತಿತ್ತು? ಕುಡುಕನ ಮಾತು ಯಾರು ನಂಬ್ತಾರ? ನಂಬಿದ್ರ ನಿನ್ನ ಮ್ಯಾಲ ಬರ್ತಿತ್ತು. ರಸ ಮಾಡಾಕಿ ನೀ. ದಾರು ಕುಡಿಸಿದ್ಲು ಅಂತ ಹೊರಗ ಹಾಕ್ತಿದ್ರು ನಿನ್ನ."

ಸೌಟು ನನ್ನ ಕೈಯಲ್ಲೇ ಉಳಿಯಿತು. ಬಾಗಿಲಲ್ಲಿ ನಿಂತಿದ್ದ ಲಕ್ಷ್ಮವ್ವ ಮೊದಲ ಸಲ ಗಂಡನ ಮುಖ ನೋಡಿದಳು. ಹತ್ತಿರ ಹೋದಳು. ಬಗ್ಗಿ ಅವನ ಬಾಯಿಯ ಹತ್ತಿರ ಮೂಗು ತಂದಳು. ಮದುವೆಯಾದ ಮೇಲೆ ದಿನಾ ಸಂಜೆ ಮಾಡುತ್ತಿದ್ದ ತಪಾಸಣೆ ಅದು, ಮರೆತಿರಲಿಲ್ಲ. ದಾರು ವಾಸನೆ ಇರಲಿಲ್ಲ.

"ಬಾಟ್ಲಿ ಎಷ್ಟಿದ್ದು ಅಕ್ಕಾ?"

"ಎರಡು. ಒಂದು ತೆರೆದೇ ಇಲ್ಲ ಅನ್ನಿಸ್ತದ. ಮಂದಿ ಕಮ್ಮಿ ಇದ್ರಲ್ಲ."

"ನಡೀರಿ," ಎಂದಳು.

ಈಶ್ವರನನ್ನು ಅಲ್ಲೇ ಬಿಟ್ಟು ನಾವಿಬ್ಬರೂ ಹಾಲಿಗೆ ಹೋದೆವು. ಪಾಸ್ಟರ್ ಮೇಜಿನ ಬಟ್ಟೆ ಮಡಚುತ್ತಿದ್ದರು. ಬಸವಂತರಾಯ ಕಾಕಾ ಬೆಂಚಿನ ಮೇಲೆ ಅಂಗಾತ ಮಲಗಿ, ಕನ್ನಡಕ ಎದೆಯ ಮೇಲಿಟ್ಟುಕೊಂಡು, ಮೆಲ್ಲಗೆ ಹಾಡು ಗುನುಗುತ್ತಿದ್ದರು. ಕಪಾಟು ತೆರೆದೇ ಇತ್ತು. ನಾನು ಎರಡನೇ ಬಾಟಲಿಯ ಬೂಚಿಗೆ ಕೈ ಹಚ್ಚಿದ್ದೇ ತಡ, ಢಬ್ ಎಂದು ಅದು ತಗಡಿಗೆ ಹಾರಿತು. ಬುಸ್ಸೆಂದು ನೊರೆ ಉಕ್ಕಿ ನನ್ನ ಮೊಣಕೈ ತನಕ ಇಳಿಯಿತು. ಲಕ್ಷ್ಮವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

"ಅಕ್ಕಾ, ಇದು ಅದೇ. ಸಾಯೋ ತನಕ ಈ ವಾಸನಿ ಮರೆಯಂಗಿಲ್ಲ ನಾ," ಎಂದಳು. ಅಲ್ಲೇ ನೆಲಕ್ಕೆ ಕುಕ್ಕರಿಸಿ, ಸೆರಗು ಬಾಯಿಗೊತ್ತಿ ನಕ್ಕಳು. ನಗುತ್ತಲೇ ಅಳತೊಡಗಿದಳು. ಹಾಲಿನಲ್ಲಿ ಎಲ್ಲರೂ ಕೂಡಿ ಅವನನ್ನು ಕುಡುಕ ಎಂದೆವು. ಅಂದು ಮೇಜಿನ ಮುಂದೆ ಹೋದವರಲ್ಲಿ ಕುಡಿಯದೆ ಹೊರಟವನು ಅವನೊಬ್ಬನೇ.

ಪಾಸ್ಟರ್ ಬೆರಳು ಅದ್ದಿ ನಾಲಿಗೆಗೆ ಹಚ್ಚಿಕೊಂಡರು. "ನನಗೂ ಒಂದ್‌ಸ್ವಲ್ಪ ಚುರ್ ಅಂದಿತ್ತು. ಬಿಸಿಲಿಗೆ ಹುಳಿ ಬಂದದ ಅಂತ ತಿಳ್ಕೊಂಡೆ," ಎಂದರು.

ನನಗೆ ಸಮಯ ಸಿಕ್ಕಿತ್ತು, ಬಿಡುವವಳಲ್ಲ ನಾನು. ಬಾಟಲಿಯನ್ನು ಒಯ್ದು ಕಾಕಾ ಮೂಗಿನ ಕೆಳಗೆ ಹಿಡಿದೆ. "ಏಳ್ರಿ ಕಾಕಾ. ಬೊಂಬಿಲ್ ಮಗ್ಗಲಾಗ ಇದ್ದಿದ್ರ ರಸ ಆಗೇ ಉಳೀತಿತ್ತು. ನಿಮ್ಮ ಪವಿತ್ರ ಕಪಾಟಿನಾಗ ಕುಂತು ದಾರು ಆಗ್ಯಾದ. ಉಳಿದಿದ್ದೆಲ್ಲ ಮುಗಿಸಿದವರು ಯಾರು?"

ಕಾಕಾ ಎದ್ದು ಕೂತರು. ಬಾಟಲಿ ನೋಡಿದರು, ಪಾಸ್ಟರನ್ನು ನೋಡಿದರು. ಅರ್ಥವಾಗುತ್ತ ಹೋದ ಹಾಗೆ ಅವರ ಮುಖ ಬಣ್ಣಗೆಟ್ಟಿತು. ನನಗೆ ಇನ್ನೂ ನಾಲ್ಕು ಮಾತು ಬಾಕಿ ಇತ್ತು. ಆ ಮುಖ ನೋಡಿ ನುಂಗಿಕೊಂಡೆ.

"ಹುಟ್ಟಿದಾಗಿಂದ ಒಂದು ಹನಿ ಮುಟ್ಟಿದವ ಅಲ್ಲ ನಾ," ಎಂದರು. "ಪಾಸ್ಟರ್, ನನ್ನ ಗತಿ ಏನು?"

"ಗೊತ್ತಿಲ್ದೆ ಕುಡಿದಿದ್ದು ಪಾಪ ಅಲ್ಲ, ಕಾಕಾ."

"ಅದಲ್ಲ." ಕಾಕಾ ತಲೆಯಾಡಿಸಿದರು. "ಗೊತ್ತಿಲ್ದೆ ಕುಡಿದೆ, ಖರೇ. ಆದ್ರ ಕಡೀ ಲೋಟ ಮುಗಿದ ಮ್ಯಾಲ, ಇನ್ನೊಂದಿದ್ರ ಛಲೋ ಇತ್ತು ಅನ್ನಿಸ್ತು ನನಗ. ಅದು ಎಲ್ಲಿಂದ ಬಂತು?"

ನಾನು ನಗಬೇಕಿತ್ತು, ನಗು ಬರಲಿಲ್ಲ.

"ಈಶ್ವರ ಎಲ್ಲಿದ್ದಾನ?" ಎಂದು ಕೇಳಿ ಅವರೇ ಎದ್ದರು. ಒಂದು ಹೆಜ್ಜೆ ಆಚೀಚೆಯಾಯಿತು, ಪಾಸ್ಟರ್ ತೋಳು ಹಿಡಿದರು. ಆ ಬಿಸಿಲಿನಲ್ಲಿ ನಾಲ್ವರೂ ನನ್ನ ಖಾನಾವಳಿಗೆ ಬಂದೆವು.

ಈಶ್ವರ ಅವರನ್ನು ನೋಡಿ ಗಡಬಡಿಸಿ ಎದ್ದ. ಕಾಕಾ ಅವನ ಎದುರಿಗೆ ನಿಂತರು. "ತಮ್ಮಾ, ಆ ಲೋಟ ಮೂಗಿನ ಹಂತೇಕ ಬಂದಾಗ ನಿನಗ ಏನಾತು? ಹೇಳು. ನಾ ಈಗ ತಿಳ್ಕೊಳ್ಳಲಿಕ್ಕೆ ಕೇಳ್ಲಕತ್ತೀನಿ."

"ಬಾಯಾಗ ನೀರು ಬಂತು, ಕಾಕಾ," ಎಂದ ಈಶ್ವರ. ಸುಳ್ಳು ಹೇಳಬಹುದಿತ್ತು, ಹೆಂಡತಿ ಎದುರಿಗೇ ಇದ್ದಳು. "ಮೈ ತುಂಬ ಬೇಕು ಬೇಕು ಅಂತು. ಚರ್ಚಿನ್ಯಾಗ ಕೊಡ್ಲಕತ್ತಾರ, ಕುಡುದ್ರ ಯಾರು ಏನಂತಾರ ಅಂತ ಮನಸ್ಸು ಹೇಳ್ತು. ಇನ್ನೊಂದು ಗಳಿಗಿ ನಿಂತಿದ್ರ ಕುಡೀತಿದ್ದೆ. ಅದಕ್ಕೇ ಓಡಿ ಬಂದೆ."

ಕಾಕಾ ಬಕೆಟ್ಟಿನ ಮೇಲೆ ಕೂತರು. "ಕೇಳಿದ್ರೇನು ಪಾಸ್ಟರ್? ನಾ ಏನೋ ದೊಡ್ಡದು ಬಿಟ್ಟೀನಂತ ತಿಳ್ಕೊಂಡಿದ್ದೆ. ನನಗ ಅದು ಬೇಕೇ ಇದ್ದಿಲ್ಲ, ಬಿಡೋದೇನು ಬಂತು? ಇವ ಬೇಕಿದ್ದೂ ಬಿಟ್ಟು ಬಂದ." ಆಮೇಲೆ, "ಪಶ್ಚಾತ್ತಾಪ ಅರ್ಧ ಅಂದಿದ್ದೆ ನಾ ಇವಗ. ಅದು ತಪ್ಪು ಮಾತು. ಕ್ಷಮಿಸಪ್ಪಾ," ಎಂದರು.

"ಹಂಗಾರ ಕಾಕಾ, ನಂಬಿಕಿ ಒಂದೇ ಸಾಕು ಅಂತ ಒಪ್ಪಿದ್ರಿ?" ಎಂದರು ಪಾಸ್ಟರ್. ಹುಡುಗುಬುದ್ಧಿ, ಗೆದ್ದೆನೆಂಬ ಹುರುಪು.

"ಯಾಕ ಒಪ್ಪಲಿ? ಬರೇ ನಂಬಿದವ ಕುಡಿದು ಕುಂದರ್ತಿದ್ದ. ಇವ ನಂಬಿದ್ದಕ್ಕ ಓಡಿದ!" ಕಾಕಾ ದನಿ ಮತ್ತೆ ಗಟ್ಟಿಯಾಯಿತು. ಅವರು ಸರಿಹೋದರು ಎಂದು ನನಗೆ ಅದರಿಂದಲೇ ಸಮಾಧಾನವಾಯಿತು.

"ನಿಮ್ಮ ವಾದ ಸ್ವರ್ಗಕ್ಕ ಹೋಗಿ ಮುಗಿಸ್ರಿ," ಎಂದೆ ನಾನು. "ಅವ ರೊಟ್ಟಿ ತಿಂದಾನ, ರಸ ಕುಡಿದಿಲ್ಲ. ಅರ್ಧಕ್ಕ ನಿಂತಾನ ನನ್ನ ತಮ್ಮ. ಅದನ್ನ ಮೊದಲ ಮುಗಿಸ್ರಿ."

ರಸ ಎಲ್ಲಿಂದ ತರುವುದು? ದ್ರಾಕ್ಷಿ ನೆನೆಹಾಕಿ ಕಾಯುವ ಸಹನೆ ಯಾರಿಗೂ ಇರಲಿಲ್ಲ. ಕಾಕಾ ಎದ್ದು, ಏನೂ ಹೇಳದೆ, ರಸ್ತೆ ದಾಟಿ ಎದುರಿನ ಉಡುಪಿ ಹೋಟೆಲಿನ ಜ್ಯೂಸ್ ಕೌಂಟರಿಗೆ ನಡೆದರು. ಬಿದ್ದಾರೆಂದು ನಾನೂ ಹಿಂದೆಯೇ ಓಡಿದೆ. ಕೌಂಟರಿನಲ್ಲಿದ್ದ ಸುಕೇಶನಿಗೆ ಹೇಳಿದರು, "ಕರಿ ದ್ರಾಕ್ಷಿ ರಸ. ನನ್ನ ಕಣ್ಮುಂದ ಹಿಂಡು."

"ಐಸ್ ಹಾಕುವುದಾ ಕಾಕಾ?"

"ಬ್ಯಾಡ."

"ಚಾಟ್ ಮಸಾಲಾ ಸ್ವಲ್ಪ? ಒಳ್ಳೆ ಟೇಸ್ಟ್ ಬರ್ತದೆ ಮಾರಾಯ್ರೆ."

"ಬ್ಯಾಡೋ ಪುಣ್ಯಾತ್ಮಾ! ಬರೇ ದ್ರಾಕ್ಷಿ!"

ಸುಕೇಶ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದ. ಅವನಿಗೆ ಕಾಕಾರ ಉಸಿರಿನ ವಾಸನೆ ತಟ್ಟಿರಬೇಕು. ನಾನು ಸುಮ್ಮನಿರು ಎಂದು ಕಣ್ಣು ಬಿಟ್ಟೆ.

ಖಾನಾವಳಿಯ ಊಟದ ಮೇಜನ್ನೇ ಒರೆಸಿ ಬಿಳಿ ಬಟ್ಟೆ ಹಾಸಿದೆ. ಪಾಸ್ಟರ್ ಪ್ರಾರ್ಥನೆ ಮಾಡಿ, ನನ್ನ ಬುಟ್ಟಿಯ ರೊಟ್ಟಿಯನ್ನೇ ಮುರಿದರು. ಕಾಕಾ ದೂರ, ಬಾಗಿಲ ಹತ್ತಿರ ನಿಂತರು. "ಇವತ್ತ ನಾ ಬ್ಯಾಡ. ನನ್ನ ಬಾಯಿ ಇನ್ನೂ ವಾಸನಿ ಹೊಡೀತದ," ಎಂದರು.

"ಬರ್ರಿ ಕಾಕಾ," ಎಂದ ಈಶ್ವರ, ಮೊಣಕಾಲ ಮೇಲಿದ್ದುಕೊಂಡೇ. "ಒಬ್ಬನೇ ಕುಂದರ್ಲಿಕ್ಕೆ ನನಗ ಅಂಜಿಕಿ ಬರ್ತದ."

ಅವರು ಬಂದರು. ವಯಸ್ಸಾದ ಮೊಣಕಾಲು, ಈಶ್ವರನ ಹೆಗಲು ಹಿಡಿದೇ ಕೆಳಗಿಳಿದರು. ಪಾಸ್ಟರ್ ಲೋಟ ಕೊಟ್ಟರು. ಈಶ್ವರ ಅದನ್ನು ಮೂಗಿನ ಹತ್ತಿರ ತಂದು ಮೂಸಿದ. ಅವನ ಮುಖ ಮೆಲ್ಲಗೆ ಸಡಿಲವಾಯಿತು. ಕಣ್ಣು ಮುಚ್ಚಿ ಪೂರ್ತಿ ಕುಡಿದ.

"ದ್ರಾಕ್ಷಿ," ಎಂದ. ಅಷ್ಟೇ. ಆಮೇಲೆ ಅವನ ಹೆಗಲು ಅಲುಗತೊಡಗಿತು. ಕಾಕಾ ಅವನ ಬೆನ್ನ ಮೇಲೆ ಕೈಯಿಟ್ಟರು. ನನಗೆ ಎಷ್ಟೋ ವರ್ಷದಿಂದ ಎದೆಯ ಮೇಲಿದ್ದ ಕಲ್ಲೊಂದನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟಂತಾಯಿತು. ಸುಮ್ಮನೆ ನಿಂತು ಅತ್ತೆ. ಯಾರಿದ್ದರೇನು, ನನ್ನ ಮನೆ.

ತಿರುಗಿ ನೋಡಿದರೆ ಲಕ್ಷ್ಮವ್ವ ಅಲ್ಲಿರಲಿಲ್ಲ. ನಾನು ಬಾಗಿಲ ಕಡೆ ಓಡಿದೆ. ಹಿಂದಿನ ಕೋಣೆಯಿಂದ ಅವಳ ದನಿ ಕೇಳಿಸಿತು, ಫೋನಿನಲ್ಲಿ ಮಾತಾಡುತ್ತಿದ್ದಳು.

"ಅಣ್ಣಾ, ರಾತ್ರಿ ಊಟಕ್ಕ ನನ್ನ ದಾರಿ ಕಾಯಬ್ಯಾಡ... ಇಲ್ಲ, ಏನೂ ಆಗಿಲ್ಲ. ಅಳ್ಲಕತ್ತಿಲ್ಲ ನಾ... ಇಲ್ಲಣ್ಣಾ, ನಾಳಿಗೂ ಇಲ್ಲ. ನನ್ನ ಸಾಮಾನು ಆಮ್ಯಾಲ ಒಯ್ತೀನಿ. ನಾ ಮನಿಗೆ ಬಂದೀನಿ."